ಜೀಪಿನ ಶಾಫ್ಟು: ಬಿಚ್ಚುವ ಕ್ರಮ, ಜೋಡಿಸುವ ಕ್ರಮ

ಕಾಸರಗೋಡಿನ ಗುಡ್ಡದ ದಾರಿಗಳಲ್ಲಿ ಜೀಪು ಏರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಎಂಜಿನು ಮುಂದೆ ಇದೆ. ಗಾಡಿಯನ್ನು ದೂಡುವ ಚಕ್ರಗಳು ಹಿಂದೆ ಇವೆ. ಗೇರ್‌ಬಾಕ್ಸಿನಿಂದ ಹಿಂದಿನ ಅಚ್ಚಿಗೆ ತಿರುಗುವ ಶಕ್ತಿಯನ್ನು ಒಯ್ಯುವ ಉಕ್ಕಿನ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟು. ಹತ್ತನೆಯ ತರಗತಿ ಮುಗಿಸಿ ಗ್ಯಾರೇಜಿನ ಕೆಲಸ ಕಲಿಯಲು ಹೋಗುವ ಮಕ್ಕಳಿದ್ದಾರೆ. ಆ ಕೆಲಸಕ್ಕೂ ಒಂದು ಶಾಸ್ತ್ರವಿದೆ, ಅದನ್ನು ಮರೆತರೆ ಪ್ರಾಣಾಪಾಯವೂ ಇದೆ. ಆದುದರಿಂದ ಈ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ತಿಳಿದುಕೊಳ್ಳೋಣ.

ಗೇರ್‌ಬಾಕ್ಸು ಚೌಕಟ್ಟಿಗೆ ಬಿಗಿದಿರುತ್ತದೆ. ಹಿಂದಿನ ಅಚ್ಚಾದರೋ ಪಟ್ಟಿ ಸ್ಪ್ರಿಂಗಿನ ಮೇಲೆ ಕುಳಿತು, ಹೊಂಡ ದಿಣ್ಣೆಗಳಲ್ಲಿ ಏರಿಳಿಯುತ್ತದೆ. ಆಗ ಶಾಫ್ಟಿನ ಕೋನವೂ ಉದ್ದವೂ ಬದಲಾಗಬೇಕು. ಉದ್ದಕ್ಕಾಗಿ ಹಲ್ಲುಗಳುಳ್ಳ ಜಾರುವ ಭಾಗವಿದೆ. ಕೋನಕ್ಕಾಗಿ ಎರಡು ತುದಿಗಳಲ್ಲಿ ಯೂನಿವರ್ಸಲ್ ಜಾಯಿಂಟುಗಳಿವೆ. ಎರಡು ಕವಲುಗಳ ನಡುವೆ ಕೂಡಿಸುವ ಚಿಹ್ನೆಯಂತಹ ಒಂದು ‘ಕ್ರಾಸ್’ ಇರುವ ಕೀಲು ಇದು. 17ನೆಯ ಶತಮಾನದ ವಿಜ್ಞಾನಿ ರಾಬರ್ಟ್ ಹುಕ್ ಇದರ ಚಲನೆಯನ್ನು ಅಭ್ಯಸಿಸಿದುದರಿಂದ ‘ಹುಕ್‌ನ ಕೀಲು’ ಎಂಬ ಹೆಸರೂ ಬಂದಿದೆ.

ಈ ಕೀಲಿಗೆ ಒಂದು ದೋಷವುಂಟು. ಅದು 20 ಡಿಗ್ರಿ ಬಾಗಿದ್ದು, ಒಂದು ಬದಿ ನಿಮಿಷಕ್ಕೆ 1000 ಸುತ್ತಿನಂತೆ ಸಮನಾಗಿ ತಿರುಗುತ್ತಿದೆ ಎನ್ನೋಣ. ಇನ್ನೊಂದು ಬದಿಯ ವೇಗ ಸುಮಾರು 940ಕ್ಕೆ ಇಳಿದು 1064ಕ್ಕೆ ಏರುತ್ತದೆ. ಪ್ರತಿ ಸುತ್ತಿನಲ್ಲಿ ಎರಡು ಸಲ ಹೀಗಾಗುತ್ತದೆ. ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ನೇರದಲ್ಲಿದ್ದು, ಎರಡೂ ಕೀಲುಗಳ ಕೋನ ಸಮನಾಗಿದ್ದರೆ, ಮೊದಲನೆಯದರ ದೋಷವನ್ನು ಎರಡನೆಯದು ಸರಿಪಡಿಸುತ್ತದೆ. ಜೋಡಿಸುವಾಗ ಜಾರುವ ಭಾಗದ ಹಲ್ಲುಗಳು ತಪ್ಪಿ ಕೂತರೆ ಗಾಡಿ ನಡುಗುತ್ತದೆ, ಬೇರಿಂಗುಗಳು ಬೇಗ ಸವೆಯುತ್ತವೆ. ಆದುದರಿಂದ ಬಿಚ್ಚುವ ಮೊದಲೇ, ಕೂಡುವ ಭಾಗಗಳೆರಡರ ಮೇಲೂ ಪೈಂಟಿನಿಂದಲೋ ಪಂಚಿನಿಂದಲೋ ಗುರುತು ಹಾಕಬೇಕು. ಸೀಮೆಸುಣ್ಣದ ಗುರುತು ಅಳಿಸಿಹೋಗುತ್ತದೆ.

ಅದಕ್ಕೂ ಮೊದಲು ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಚಕ್ರಗಳ ಹಿಂದೆ ಮುಂದೆ ಮರದ ದಿಮ್ಮಿ ಕೊಡಬೇಕು. ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕು ಚಕ್ರವನ್ನು ಹಿಡಿಯುವುದಿಲ್ಲ. ಗೇರ್‌ಬಾಕ್ಸಿನ ಹಿಂದೆ, ಶಾಫ್ಟು ಹೊರಡುವಲ್ಲಿ ಹಿಡಿಯುತ್ತದೆ. ಶಾಫ್ಟು ಬಿಚ್ಚಿದ ಮೇಲೆ ಬ್ರೇಕು ಎಳೆದಿದ್ದರೂ, ಗೇರು ಹಾಕಿದ್ದರೂ ಹಿಂದಿನ ಚಕ್ರಗಳು ಸ್ವತಂತ್ರ. ಗಾಡಿ ಉರುಳಿದರೆ ಅಡಿಯಲ್ಲಿರುವವನ ಗತಿಯೇನು? ಬರಿಯ ಜಾಕಿಯನ್ನು ನಂಬಿ ಅಡಿಗೆ ಹೋಗಲೂ ಬಾರದು. ಗಟ್ಟಿಯಾದ ಸ್ಟ್ಯಾಂಡು ಇರಲೇಬೇಕು.

ಬಳಿಕ ಹಿಂದಿನ ತುದಿಯ ನಟ್ಟುಗಳನ್ನು ಬಿಚ್ಚಬೇಕು. ಕ್ರಾಸಿನ ಬಟ್ಟಲುಗಳು ಕಳಚಿ ಒಳಗಿನ ಸೂಜಿ ಬೇರಿಂಗು ಚೆಲ್ಲದಂತೆ ಅವುಗಳನ್ನು ದಾರದಿಂದ ಕಟ್ಟಬೇಕು. ಶಾಫ್ಟನ್ನು ಒಂದೇ ಕೀಲಿನ ಮೇಲೆ ನೇತುಬಿಡದೆ, ಆಧಾರ ಕೊಟ್ಟು ಮುಂದಿನ ತುದಿಯನ್ನು ಬಿಡಿಸಬೇಕು.

ಜೋಡಿಸುವಾಗ ಎಲ್ಲವನ್ನೂ ಒರೆಸಿ, ಕ್ರಾಸನ್ನು ಕೈಯಿಂದ ಅಲುಗಿಸಿ ನೋಡಬೇಕು. ಸಡಿಲವಿದ್ದರೆ ಬದಲಾಯಿಸುವುದೇ ಸರಿ. ಗ್ರೀಸು ತುಂಬಿ, ಗುರುತಿಗೆ ಗುರುತು ಕೂಡಿಸಿ, ನಟ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಸ್ವಲ್ಪ ದೂರ ಓಡಿಸಿ ಬಂದು ಮತ್ತೊಮ್ಮೆ ಪರೀಕ್ಷಿಸಬೇಕು. ಓಡುವಾಗ ಮುಂದಿನ ತುದಿ ಕಳಚಿ ನೆಲಕ್ಕೆ ನಾಟಿದರೆ ಗಾಡಿಯೇ ಎತ್ತಿ ಬೀಳಬಹುದು.

1983ರಲ್ಲಿ ಬಂದ ಮಾರುತಿ 800 ಕಾರಿನಲ್ಲಿ ಈ ಉದ್ದದ ಶಾಫ್ಟಿಲ್ಲ. ಮುಂದಿನ ಚಕ್ರಗಳಿಗೆ ಎರಡು ಗಿಡ್ಡ ಶಾಫ್ಟುಗಳಿವೆ. ಅವುಗಳ ಹೊರಕೀಲು ಗುಂಡುಗಳ ಮೇಲೆ ಸಮವೇಗದಲ್ಲಿ ತಿರುಗುತ್ತದೆ. ಅವನ್ನು ಎಳೆಯುವ ಮೊದಲು ಗೇರ್‌ಬಾಕ್ಸಿನ ಎಣ್ಣೆ ಇಳಿಸಿಕೊಳ್ಳಬೇಕು. ಕೀಲಿನ ರಬ್ಬರು ಹೊದಿಕೆ ಹರಿದಿದ್ದರೆ ಕೆಸರು ನುಗ್ಗುವ ಮುನ್ನ ಬದಲಾಯಿಸಬೇಕು.

ಹೆತ್ತವರಲ್ಲಿ ನಮ್ಮದೊಂದು ವಿನಂತಿ. ಮಗ ಕೆಲಸದಿಂದ ಮರಳಿದಾಗ ಸಂಬಳವನ್ನಷ್ಟೇ ಕೇಳಬೇಡಿ. ಚಕ್ರಕ್ಕೆ ದಿಮ್ಮಿ ಕೊಟ್ಟಿದ್ದೆಯಾ ಎಂದೂ ಕೇಳಿ. ಮಕ್ಕಳೇ, ಕೆಲಸದಲ್ಲಿ ಎಷ್ಟೇ ಅವಸರವಿರಲಿ, ದಿಮ್ಮಿ ಕೊಡದೆ ಗಾಡಿಯ ಅಡಿಗೆ ಹೋಗಬೇಡಿ, ಗುರುತು ಹಾಕದೆ ಸ್ಪ್ಯಾನರ್ ಹಿಡಿಯಬೇಡಿ.