ಆನ್‌ಲೈನ್‌ನಲ್ಲಿ ಮಾರಾಟ ಮಾಡ್ತೀರಾ? ಫೋಟೋ ಚೌಕ ಮಾಡುವಾಗ ಈ ತಪ್ಪು ಬೇಡ
ಮುಂಬೈ: ಸಯನ್ ರೈಲು ನಿಲ್ದಾಣದಲ್ಲಿ ಇಳಿದು ಧಾರಾವಿಯತ್ತ ಹೊರಟರೆ ಸಯನ್-ಬಾಂದ್ರಾ ಲಿಂಕ್ ರಸ್ತೆಯಲ್ಲಿ ಚರ್ಮದ ಸಾಮಾನಿನ ಅಂಗಡಿಗಳು ಸಾಲಾಗಿ ಸಿಗುತ್ತವೆ. ಅಲ್ಲಿ ಗಿರಾಕಿ ಬ್ಯಾಗನ್ನು ಕೈಗೆತ್ತಿಕೊಂಡು, ಹೊಲಿಗೆ ಎಳೆದು, ಜಿಪ್ ತೆಗೆದು ನೋಡಿ ಚೌಕಾಸಿ ಮಾಡಬಹುದು. ಅದೇ ಬ್ಯಾಗ್ ಆನ್‌ಲೈನ್‌ಗೆ ಬಂದರೆ ಆತನಿಗೆ ಮೊದಲು ಕಾಣುವುದು ಒಂದು ಸಣ್ಣ ಚೌಕದ ಫೋಟೋ ಮಾತ್ರ. ಆ ಚೌಕ ಕೆಟ್ಟರೆ ವ್ಯಾಪಾರವೂ ಕೆಟ್ಟಂತೆ.

ಚೌಕವೇ ಏಕೆ?

ಮೊಬೈಲ್ ಪರದೆಯಲ್ಲಿ ಹತ್ತಾರು ವಸ್ತುಗಳನ್ನು ಸಾಲಾಗಿ ಜೋಡಿಸಬೇಕು. ಉದ್ದದ ಬೆಲ್ಟ್, ಅಗಲದ ಬ್ಯಾಗ್, ಪುಟ್ಟ ಪರ್ಸ್ ಎಲ್ಲಕ್ಕೂ ಸಮನಾದ ಜಾಗ ಸಿಗಬೇಕಾದರೆ ಚೌಕವೇ ಅನುಕೂಲ. 2010ರಲ್ಲಿ ಶುರುವಾದ ಇನ್‌ಸ್ಟಾಗ್ರಾಂ ಕೂಡ 2015ರವರೆಗೆ ಚೌಕದ ಫೋಟೋಗಳಿಗಷ್ಟೇ ಅವಕಾಶ ಕೊಟ್ಟಿತ್ತು.

ಮೂರು ದಾರಿ, ಒಂದು ಅಪಾಯ

ಮೊಬೈಲ್ ಕ್ಯಾಮೆರಾದ ಫೋಟೋ ಸಾಮಾನ್ಯವಾಗಿ 4:3 ಅನುಪಾತದಲ್ಲಿರುತ್ತದೆ. ಅಂದರೆ 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರ. ಇದನ್ನು ಚೌಕ ಮಾಡಲು ಮೂರು ದಾರಿಗಳಿವೆ.

1. ಅದುಮುವುದು: ಅಗಲ, ಎತ್ತರ ಎರಡನ್ನೂ 1000 ಎಂದು ಬರೆದು ಒತ್ತಿಬಿಡುವುದು. ಆಗ 40 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ಎತ್ತರದ ಬ್ಯಾಗ್ ಸಮಚೌಕದಂತೆ ಕಾಣುತ್ತದೆ. ಈ ದಾರಿ ಬೇಡವೇ ಬೇಡ.

2. ಕತ್ತರಿಸುವುದು: ಇಕ್ಕೆಲ ಕತ್ತರಿಸಿದರೆ 3000x3000 ಚೌಕ ಉಳಿಯುತ್ತದೆ, ಕಾಲು ಭಾಗ ಹೋಗುತ್ತದೆ. ವಸ್ತು ನಡುವೆ ಇದ್ದರೆ ತೊಂದರೆಯಿಲ್ಲ.

3. ತುಂಬಿಸುವುದು: ಮೇಲೆ ಕೆಳಗೆ ಬಿಳಿ ಜಾಗ ಸೇರಿಸುವುದು. ಬೆಲ್ಟ್‌ನಂಥ ಉದ್ದನೆಯ ವಸ್ತುಗಳಿಗೆ ಇದೇ ಸರಿ.

ಎಷ್ಟು ಪಿಕ್ಸೆಲ್ ಬೇಕು?

ಅಮೆಜಾನ್‌ನ ನಿಯಮದಂತೆ ಮುಖ್ಯ ಫೋಟೋದ ಹಿನ್ನೆಲೆ ಶುದ್ಧ ಬಿಳಿಯಾಗಿರಬೇಕು, ವಸ್ತು ಚೌಕಟ್ಟಿನ ಶೇ. 85ರಷ್ಟು ತುಂಬಿರಬೇಕು, ಮೇಲೆ ಬರಹ ಇರಬಾರದು. ಗಿರಾಕಿ ಜೂಮ್ ಮಾಡಿ ನೋಡಬೇಕಾದರೆ ಕನಿಷ್ಠ 1000 ಪಿಕ್ಸೆಲ್ ಬೇಕು.

ದೊಡ್ಡದನ್ನು ಚಿಕ್ಕದು ಮಾಡುವುದು ಸುಲಭ, ಚಿಕ್ಕದನ್ನು ದೊಡ್ಡದು ಮಾಡುವುದು ಕಷ್ಟ. 300x300 ಫೋಟೋದಲ್ಲಿರುವುದು 90 ಸಾವಿರ ಪಿಕ್ಸೆಲ್. ಅದನ್ನು 1000x1000 ಮಾಡಿದರೆ 10 ಲಕ್ಷ ಬೇಕು. ಉಳಿದ 9 ಲಕ್ಷಕ್ಕೂ ಹೆಚ್ಚು ಪಿಕ್ಸೆಲ್ ತಂತ್ರಾಂಶದ ಊಹೆ! ಹೊಲಿಗೆಯ ಗೆರೆ ಮಸುಕಾಗುವುದು ಇದರಿಂದಲೇ. ಹಾಗಾಗಿ ಮೂಲ ಫೋಟೋವನ್ನು ಅಳಿಸಬೇಡಿ. ವಾಟ್ಸಾಪ್‌ನಲ್ಲಿ ಕಳಿಸುವಾಗಲೂ ಡಾಕ್ಯುಮೆಂಟ್ ರೂಪದಲ್ಲೇ ಕಳಿಸಿ.

ಪ್ರೊಫೈಲ್ ಚಿತ್ರದ ಮೂಲೆಗಳು

ಅಂಗಡಿಯ ಪ್ರೊಫೈಲ್ ಚಿತ್ರವನ್ನು ಚೌಕವಾಗಿ ಹಾಕಿದರೂ ಹೆಚ್ಚಿನ ಆ್ಯಪ್‌ಗಳು ವೃತ್ತವಾಗಿ ತೋರಿಸುತ್ತವೆ. ಚೌಕದೊಳಗಿನ ಅತಿ ದೊಡ್ಡ ವೃತ್ತಕ್ಕೆ ಸಿಗುವುದು ಶೇ. 78.5ರಷ್ಟು ಜಾಗ ಮಾತ್ರ. ಮೂಲೆಯಲ್ಲಿ ಬರೆದ ಫೋನ್ ನಂಬರ್, ಅಂಗಡಿ ಹೆಸರು ಮಾಯ! ಗುರುತು ನಡುವೆ ಇರಲಿ, ಹೆಬ್ಬೆರಳ ಉಗುರಿನಷ್ಟು ಚಿಕ್ಕದಾದಾಗಲೂ ಗೊತ್ತಾಗುವಂತಿರಲಿ.

ಖರ್ಚಿಲ್ಲದೆ ಮಾಡುವುದು ಹೇಗೆ?

ಕಂಪ್ಯೂಟರ್ ಇದ್ದರೆ ಉಚಿತ ತಂತ್ರಾಂಶ ಗಿಂಪ್ ಸಾಕು. ಅಳತೆ ಬದಲಿಸುವಾಗ ಅಗಲ-ಎತ್ತರದ ಪಕ್ಕದ ಸರಪಳಿ ಗುರುತು ಜೋಡಿಸಿಯೇ ಇರಲಿ, ಆಗ ಆಕಾರ ಕೆಡದು. ಮೊಬೈಲ್‌ನ ಗ್ಯಾಲರಿಯಲ್ಲಿ ಕ್ರಾಪ್ ಒತ್ತಿ 1:1 ಆರಿಸಿದರೂ ಆಯಿತು. ಜೆಪಿಇಜಿ ಫೋಟೋವನ್ನು ಮತ್ತೆ ಮತ್ತೆ ತಿದ್ದಿ ಉಳಿಸಿದಷ್ಟೂ ಗುಣಮಟ್ಟ ಇಳಿಯುತ್ತದೆ, ಪ್ರತಿ ಬಾರಿ ಮೂಲದಿಂದಲೇ ಶುರು ಮಾಡಿ.

ಕಾನೂನು ಏನು ಹೇಳುತ್ತದೆ?

ಇದು ಅಂದಚೆಂದದ ಮಾತಷ್ಟೇ ಅಲ್ಲ. 2020ರ ಗ್ರಾಹಕ ರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ ಜಾಹೀರಾತು ವಸ್ತುವಿನ ನಿಜವಾದ ಗುಣಲಕ್ಷಣಕ್ಕೆ ಹೊಂದಿಕೆಯಾಗಬೇಕು. ತೋರಿಸಿದಂತೆ ಇಲ್ಲದ ವಸ್ತುವನ್ನು ವಾಪಸ್ ಪಡೆಯಲು ಮಾರಾಟಗಾರ ನಿರಾಕರಿಸುವಂತಿಲ್ಲ. ಒಂದು ಬ್ಯಾಗ್ ಮರಳಿ ಬಂದರೆ ಸಣ್ಣ ಅಂಗಡಿಗೆ ಅದರ ಲಾಭವೇ ಕೈತಪ್ಪುತ್ತದೆ. ಮುಖ್ಯ ಫೋಟೋ ಚೊಕ್ಕವಾಗಿರಲಿ, ಎರಡನೆಯ ಫೋಟೋದಲ್ಲಿ ಬ್ಯಾಗಿನ ಪಕ್ಕ ಒಂದು ಅಳತೆಪಟ್ಟಿ ಇಡಿ.