ಮಗ್ಗೆಯ ಕೊಟ್ಟಿಗೆ, ಉಜಿರೆಯ ಪಾಠ

ಆಲೂರು ಸಕಲೇಶಪುರಗಳ ಸೀಮೆಯಲ್ಲಿ ಹೊತ್ತು ಮುಳುಗಿದ ಮೇಲೆ ಮೋಟಾರ್‌ಸೈಕಲ್ಲೊಂದು ನಡುದಾರಿಯಲ್ಲಿ ನಿಂತುಹೋಗುವುದೆಂದರೆ ಏನೆಂಬುದನ್ನು ಬಯಲುನಾಡಿನ ಓದುಗರಿಗೆ ಸ್ವಲ್ಪ ಬಿಡಿಸಿಯೇ ಹೇಳಬೇಕು. ಇಕ್ಕೆಲಗಳಲ್ಲಿ ಕಾಫಿಯ ತೋಟ, ತೋಟಕ್ಕೆ ನೆರಳಾಗಿ ನಿಂತ ಸಿಲ್ವರ್ ಮರಗಳು, ಆ ಕತ್ತಲಿನೊಳಗೆ ಎಲ್ಲಿಯೋ ಮೇಯುತ್ತಿರಬಹುದಾದ ಕಾಡಾನೆಗಳ ಹಿಂಡು. ಆನೆ ಸುಳಿದಾಡುವ ಎಡೆಯನ್ನು ಅರಣ್ಯ ಇಲಾಖೆಯವರು ಮೊಬೈಲಿಗೆ ಸಂದೇಶ ಕಳುಹಿಸಿ ತಿಳಿಸುವ ಏರ್ಪಾಡು ಈಗ ಉಂಟು. ಆದರೆ ಆ ಸಂದೇಶದ ಪ್ರಯೋಜನವು ಹಿಂದಿರುಗಿ ಹೊರಡಬಲ್ಲ ವಾಹನವುಳ್ಳವನಿಗೆ ಮಾತ್ರ. ಡೈರಿಗೆ ಹಾಲಿನ ಕ್ಯಾನನ್ನು ಒಯ್ಯುವುದಕ್ಕೂ, ಮಕ್ಕಳನ್ನು ಶಾಲೆಗೆ ಬಿಡುವುದಕ್ಕೂ, ಮೆಣಸಿನ ಮೂಟೆಯನ್ನು ಅಂಗಡಿಗೆ ಮುಟ್ಟಿಸುವುದಕ್ಕೂ, ಅಪರಾತ್ರಿಯಲ್ಲಿ ಜ್ವರ ಬಂದವರನ್ನು ವೈದ್ಯರ ಬಳಿಗೆ ಕರೆದೊಯ್ಯುವುದಕ್ಕೂ ಮಗ್ಗೆಯ ಕಡೆಯ ಒಂಟಿ ಮನೆಗಳಿಗೆ ಬೈಕೊಂದೇ ಗತಿಯಾಗಿರುವಲ್ಲಿ, ಅದರ ಅಂತರಂಗವನ್ನು ಬಲ್ಲ ಒಂದು ಕೈ ಮನೆಯಲ್ಲಿರಬೇಕಾದುದು, ಅಕ್ಷರ ಬಲ್ಲವರೊಬ್ಬರು ಮನೆಯಲ್ಲಿರಬೇಕೆಂದು ಹಿಂದಿನವರು ಬಯಸುತ್ತಿದ್ದಷ್ಟೇ ಸಹಜವಾದುದು.

ನನಗೆ ಈ ವಿದ್ಯೆಯ ಗಂಧ ತಗಲಿದ್ದು ಒಂದು ಆಷಾಢದ ಜಡಿಮಳೆಯಲ್ಲಿ. ತೋಟದ ಇಳಿಜಾರಿನಲ್ಲಿ ಬೈಕು ಎರಡು ಸಲ ಕೆಮ್ಮಿ ನಿಂತಿತು. ಕಿಕ್ಕರನ್ನು ಎಷ್ಟು ತುಳಿದರೂ ಜೀವ ಬರಲಿಲ್ಲ. ಅದನ್ನು ತಳ್ಳಿಕೊಂಡು ನೆರೆಯವರ ಕೊಟ್ಟಿಗೆಯವರೆಗೆ ಬಂದಾಗ, ಅಲ್ಲಿದ್ದ ತರುಣನು ಮೊದಲು ಒಳಗೆ ಹೋಗಿ ಒಣಬಟ್ಟೆಯೊಂದನ್ನು ತಂದು ನನ್ನ ಕೈಯನ್ನು ಒರೆಸಿಕೊಳ್ಳಲು ಹೇಳಿ, ಆಮೇಲೆ ಪ್ಲಗ್ಗಿನ ಸ್ಪ್ಯಾನರನ್ನು ತನ್ನ ಕೈಯಲ್ಲಿ ಹಿಡಿಯದೆ ನನ್ನ ಕೈಗೇ ಕೊಟ್ಟನು. ಬಿಚ್ಚಿದ ಪ್ಲಗ್ಗಿನ ತುದಿ ಮಸಿಗಟ್ಟಿ ತೇವವಾಗಿತ್ತು. ಅದನ್ನು ಒರೆಸಿ, ಉಪ್ಪುಕಾಗದದಿಂದ ನವಿರಾಗಿ ಉಜ್ಜಿ, ಕ್ಯಾಪಿನೊಳಗಿನ ನೀರನ್ನು ಊದಿ ತೆಗೆದು ಮರಳಿ ಕೂರಿಸಹೊರಟಾಗ ಆತನು ಒಂದೇ ಒಂದು ಮಾತನ್ನಾಡಿದನು: “ಬೆರಳಲ್ಲೇ ಮೂರು ಸುತ್ತು ಹೋಗ್ಲಿ ಸಾರ್, ಆಮೇಲೆ ಸ್ಪ್ಯಾನರ್ ಹಾಕಿ.” ಎಂಜಿನ್ನಿನ ಹೆಡ್ಡು ಅಲ್ಯುಮಿನಿಯಮ್ಮಿನದು, ಪ್ಲಗ್ಗು ಉಕ್ಕಿನದು, ಓರೆಯಾಗಿ ಹೊಕ್ಕ ಪ್ಲಗ್ಗನ್ನು ಸ್ಪ್ಯಾನರಿನ ಬಲದಿಂದ ತಿರುಗಿಸಿದರೆ ಮೃದುವಾದ ಲೋಹದ ಥ್ರೆಡ್ಡು ಹರಿದುಹೋಗುತ್ತದೆ, ಬೆರಳಾದರೋ ಓರೆಯನ್ನು ಕೂಡಲೇ ಅರಿತು ನಿಲ್ಲುತ್ತದೆ. ಇಷ್ಟು ಕಾರಣವನ್ನು ಆತನು ಆಗ ವಿವರಿಸಲಿಲ್ಲ. ಬೆರಳೇ ಅದನ್ನು ನನಗೆ ತಿಳಿಸಿತು.

ಆ ಕೊಟ್ಟಿಗೆಯನ್ನು ಗ್ಯಾರೇಜೆನ್ನುವಂತಿಲ್ಲ. ದನಗಳಿಲ್ಲದೆ ತೆರವಾದ ಒಂದು ಮಗ್ಗುಲಲ್ಲಿ ಉದ್ದನೆಯ ಹಲಗೆ, ಅದರ ಮೇಲೆ ನೆರೆಹೊರೆಯ ನಾಲ್ಕಾರು ಮನೆಗಳಿಂದ ಬಂದು ಸೇರಿದ ಉಪಕರಣಗಳು: ಒಬ್ಬರ ರಿಂಗ್ ಸ್ಪ್ಯಾನರುಗಳ ಸೆಟ್ಟು, ಇನ್ನೊಬ್ಬರ ಗಾಳಿಯ ಪಂಪು, ಮತ್ತೊಬ್ಬರ ಸೀಮೆಎಣ್ಣೆಯ ಡಬ್ಬಿ. ಭಾನುವಾರ ಬೆಳಗಿನಲ್ಲಿ ಬೈಕುಗಳು ಬಂದು ನಿಲ್ಲುತ್ತವೆ, ಒಡೆಯರೇ ಅವನ್ನು ಬಿಚ್ಚುತ್ತಾರೆ. ಬಿಚ್ಚಿದ ನಟ್ಟುಬೋಲ್ಟುಗಳನ್ನು ಬಿಚ್ಚಿದ ಅನುಕ್ರಮದಲ್ಲಿಯೇ ಹಳೆಯ ಅಡಕೆಹಾಳೆಯ ತಟ್ಟೆಯಲ್ಲಿ ಎಡದಿಂದ ಬಲಕ್ಕೆ ಇಡಬೇಕೆಂಬುದು ಅಲ್ಲಿನ ಮೊದಲ ವಿಧಿ. ಜೋಡಿಸುವಾಗ ಬಲದಿಂದ ಎಡಕ್ಕೆ ಬಂದರಾಯಿತು. ಪ್ಲಗ್ಗಿನ ತುದಿಯ ವರ್ಣವನ್ನು ಓದುವುದು ಎರಡನೆಯ ಪಾಠ: ಕಾಫಿ ಹುಡಿಯಂತಹ ಕಂದುಬಣ್ಣವಿದ್ದರೆ ದಹನವು ಸಮವಾಗಿದೆಯೆಂದೂ, ಮಸಿಗಪ್ಪಾಗಿದ್ದರೆ ಪೆಟ್ರೋಲು ಹೆಚ್ಚಾಗಿಯೋ ಎಣ್ಣೆ ಮೇಲೇರಿಯೋ ಬೇಯುತ್ತಿದೆಯೆಂದೂ, ಸುಣ್ಣದಂತೆ ಬೆಳ್ಳಗಾಗಿದ್ದರೆ ಎಂಜಿನ್ನು ಮಿತಿಮೀರಿ ಕಾಯುತ್ತಿದೆಯೆಂದೂ ತಿಳಿಯಬೇಕು. ನಾಡಿ ಹಿಡಿದು ರೋಗವನ್ನು ಹೇಳುತ್ತಿದ್ದ ಪಂಡಿತರನ್ನು ಕಂಡವರಿಗೆ ಈ ಪರೀಕ್ಷೆಯ ಸೊಗಸು ಬೇಗನೆ ಹಿಡಿಸುವುದು.

ಮಳೆಗಾಲದ ಕೆಸರು ಚೈನಿಗೆ ಶತ್ರು. ಮಣ್ಣು ಎಣ್ಣೆಯೊಡನೆ ಬೆರೆತು ಸಾಣೆಯ ಹಿಟ್ಟಿನಂತಾಗಿ ಚೈನನ್ನೂ ಹಲ್ಲುಚಕ್ರವನ್ನೂ ಒಟ್ಟೊಟ್ಟಿಗೆ ಸವೆಸುತ್ತದೆ. ಆದಕಾರಣ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಒಣಗಿಸಿ, ಅನಂತರವೇ ಹೊಸ ಎಣ್ಣೆಯನ್ನು ಕಾಣಿಸಬೇಕು. ಚೈನಿನ ನಡುಭಾಗವನ್ನು ಬೆರಳಿನಿಂದ ಮೇಲೆ ಕೆಳಗೆ ಆಡಿಸಿದರೆ ಸಾಮಾನ್ಯ ಬೈಕುಗಳಲ್ಲಿ 20ರಿಂದ 30 ಮಿಲಿಮೀಟರಿನಷ್ಟು ಸಡಿಲವಿರಬೇಕು. ಬಿಗಿಯಾಗಿದ್ದಷ್ಟೂ ಒಳ್ಳೆಯದೆಂದು ನಂಬಿ ಎಳೆದು ಕಟ್ಟಿದವನ ಬೈಕಿನಲ್ಲಿ, ಹಿಂದೆ ಮೂಟೆ ಹೇರಿ ಗುಂಡಿಗಿಳಿದಾಗ ಬೇರಿಂಗುಗಳು ನರಳುತ್ತವೆ. ಬೇಸಗೆಯಲ್ಲಿ, ಕಾಫಿ ಕೊಯ್ಲಿನ ಲಾರಿಗಳು ಎಬ್ಬಿಸಿದ ಕೆಂಧೂಳು ಗಾಳಿಯ ಫಿಲ್ಟರಿನಲ್ಲಿ ತುಂಬಿ ಎಂಜಿನ್ನಿಗೆ ಉಸಿರುಕಟ್ಟುತ್ತದೆ. ಋತುವಿಗೊಂದು ರೋಗ, ರೋಗಕ್ಕೊಂದು ಉಪಚಾರ.

ಈ ತರುಣನು ತನ್ನ ವಿದ್ಯೆಯನ್ನು ಪಡೆದುದು ಘಟ್ಟದ ಕೆಳಗೆ. ಶಿರಾಡಿಯನ್ನಿಳಿದು, ಗುಂಡ್ಯವನ್ನು ದಾಟಿ, ಧರ್ಮಸ್ಥಳದ ಹಾದಿಯಾಗಿ ಹೋದರೆ ಬೆಳ್ತಂಗಡಿ ತಾಲ್ಲೂಕಿನ ಉಜಿರೆ ಸಿಕ್ಕುವುದು. ಅಲ್ಲಿರುವುದು ರುಡ್‌ಸೆಟ್ ಎಂದು ಜನ ಕರೆಯುವ ಗ್ರಾಮೀಣಾಭಿವೃದ್ಧಿ ಮತ್ತು ಸ್ವ ಉದ್ಯೋಗ ತರಬೇತಿ ಸಂಸ್ಥೆ. ಕೆಲಸ ಕೊಡಿಸಿರೆಂದು ಬೇಡಿಕೊಂಡು ಧರ್ಮಸ್ಥಳ ಕ್ಷೇತ್ರಕ್ಕೆ ಬರುತ್ತಿದ್ದ ತರುಣರೆಲ್ಲರಿಗೂ ಉದ್ಯೋಗವನ್ನು ಕೊಡುವುದು ಯಾರಿಂದಲೂ ಆಗದ ಮಾತೆಂಬುದನ್ನು ಮನಗಂಡು, ಅವರ ಕೈಗೇ ಒಂದು ಕಸುಬನ್ನು ಕೊಡುವುದು ಮೇಲೆಂದು ಬಗೆದ ಧರ್ಮಾಧಿಕಾರಿ ಡಿ. ವೀರೇಂದ್ರ ಹೆಗ್ಗಡೆಯವರು, ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೊಡನೆ ಕೂಡಿ 1982ರಲ್ಲಿ ಇದನ್ನು ಆರಂಭಿಸಿದರು. ಶುಲ್ಕವಿಲ್ಲ, ಊಟ ವಸತಿಗಳೂ ಉಚಿತ. ದ್ವಿಚಕ್ರ ವಾಹನಗಳ ದುರಸ್ತಿಯು ಅಲ್ಲಿ ಕಲಿಸುವ ಕಸುಬುಗಳಲ್ಲೊಂದು. ಸುಮಾರು ಒಂದು ತಿಂಗಳ ಕಾಲ ಅಲ್ಲಿಯೇ ಉಳಿದು ಕಲಿಯುವ ಪದ್ಧತಿ. ಕಲಿತು ಹೊರಟವರನ್ನು ಅಲ್ಲಿಗೇ ಕೈಬಿಡದೆ, ಮುಂದೆಯೂ ವಿಚಾರಿಸಿಕೊಂಡು, ಬ್ಯಾಂಕಿನ ಸಾಲಕ್ಕೂ ದಾರಿ ತೋರಿಸುವುದು ಅದರ ಹಿರಿಮೆ. ಈ ಮಾದರಿಯನ್ನು ಒಪ್ಪಿದ ಕೇಂದ್ರ ಸರ್ಕಾರದ ಗ್ರಾಮೀಣಾಭಿವೃದ್ಧಿ ಸಚಿವಾಲಯವು 2009ರಿಂದೀಚೆಗೆ ದೇಶದ ಜಿಲ್ಲೆಗಳಲ್ಲಿ ಬ್ಯಾಂಕುಗಳ ಮುಖಾಂತರ ಇಂಥ ಸಂಸ್ಥೆಗಳನ್ನು ಏರ್ಪಡಿಸಿತು.

ಸಂಸ್ಥೆಯ ಉದ್ದೇಶವು ಗ್ಯಾರೇಜು ತೆರೆದು ಬದುಕುವವರನ್ನು ಸಿದ್ಧಗೊಳಿಸುವುದೇ ಹೊರತು ಬೈಕಿನ ಒಡೆಯರಿಗೆಲ್ಲ ಪಾಠ ಹೇಳುವುದಲ್ಲ. ಆದರೂ ವಿದ್ಯೆಯು ಕೆರೆಯ ಕೋಡಿಯ ನೀರಿನಂತೆ ತಗ್ಗಿದ್ದಲ್ಲಿಗೆ ಹರಿಯುವುದು. ಉಜಿರೆಯಲ್ಲಿ ಹಲವರು ಒಂದೇ ಎಂಜಿನ್ನಿನ ಸುತ್ತ ಕುಳಿತು ಕಲಿತುದನ್ನು ಆತನು ಮಗ್ಗೆಯ ಕೊಟ್ಟಿಗೆಗೆ ತಂದನು. ಗಿರಾಕಿಗಳಿಗೇ ವಿದ್ಯೆ ಕಲಿಸಿದರೆ ನಿನ್ನ ಸಂಪಾದನೆಗೆ ಕುಂದಲ್ಲವೇ ಎಂದು ನಾನು ಕೇಳಿದ್ದುಂಟು. ಎಣ್ಣೆ ಬದಲಿಸುವುದು, ಚೈನು ತೊಳೆಯುವುದು ಅವರವರೇ ಮಾಡಿಕೊಂಡರೆ ತನಗೆ ದೊಡ್ಡ ಕೆಲಸಗಳಿಗೆ ಹೊತ್ತು ಸಿಕ್ಕುವುದೆಂದು ಆತನು ಉತ್ತರವಿತ್ತನು.

ಒಡೆಯನೇ ಮೆಕ್ಯಾನಿಕ್ಕಾಗುವ ಈ ವಾಡಿಕೆ ಕನ್ನಡನಾಡಿಗೆ ಹೊಸತಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ 1960ರ ದಶಕದಲ್ಲಿ ಹೊರಬರತೊಡಗಿದ ಜಾವಾ, ತರುವಾಯದ ಯೆಜ್ಡಿ ಬೈಕುಗಳಿಗೆ ಪೆಟ್ರೋಲಿನಲ್ಲಿಯೇ ಎಣ್ಣೆ ಬೆರೆಸಬೇಕಾಗಿತ್ತು. ಕಿಕ್ ಹೊಡೆದ ಸನ್ನೆಯನ್ನೇ ಮಡಿಸಿ ಗೇರು ಹಾಕಬೇಕಾಗಿತ್ತು. 1996ರಲ್ಲಿ ಕಾರ್ಖಾನೆಯು ಮುಚ್ಚಿದ ಮೇಲೂ ಆ ಬೈಕುಗಳು ಇಂದಿಗೂ ರಸ್ತೆಯಲ್ಲಿರುವುದಕ್ಕೆ ಹಳೆಯ ಮೇಸ್ತ್ರಿಗಳಷ್ಟೇ, ಬಿಡಿಭಾಗಗಳನ್ನು ಹುಡುಕಿ, ಪರಸ್ಪರ ಕೇಳಿ ಕಲಿತು, ತಾವೇ ಕೈ ಮಸಿ ಮಾಡಿಕೊಂಡ ಒಡೆಯರೂ ಕಾರಣರು.

ಕೂಡಿ ಕಲಿಯುವುದರ ಮೇಲ್ಮೆ ನನಗೆ ಸ್ಪಷ್ಟವಾದುದು ಬ್ರೇಕಿನ ಕೆಲಸದಲ್ಲಿ. ಹಿಂದಿನ ಚಕ್ರವನ್ನು ಕಳಚಿ, ಸವೆದ ಬ್ರೇಕ್ ಶೂ ತೆಗೆದು ಹೊಸತನ್ನು ಹಾಕಿ, ಚಕ್ರವನ್ನು ಕೂರಿಸಿ ನಾನು ಎದ್ದುನಿಂತಾಗ, ಪಕ್ಕದಲ್ಲಿ ತನ್ನ ಸ್ಕೂಟರಿನ ಕೆಲಸದಲ್ಲಿದ್ದ ಹೆಣ್ಣುಮಗಳೊಬ್ಬಳು, “ಅಣ್ಣಾ, ಬ್ರೇಕ್ ರಾಡಿನ ಪಿನ್ನು ತಟ್ಟೆಯಲ್ಲೇ ಉಳಿದಿದೆ ನೋಡಿ” ಎಂದಳು. ಕಡ್ಡಿಯಷ್ಟು ಗಾತ್ರದ ಆ ಪಿನ್ನಿಲ್ಲದೆ ನಾನು ಶಿರಾಡಿಯನ್ನಿಳಿಯುತ್ತಿದ್ದೆನಾದರೆ ಏನಾಗುತ್ತಿತ್ತೆಂಬುದನ್ನು ಎಣಿಸಲಾರೆ. ಆ ದಿನದಿಂದ ಕೊಟ್ಟಿಗೆಯಲ್ಲಿ ಹೊಸ ಕಟ್ಟಳೆಯೊಂದು ಬಂದಿತು: ಬ್ರೇಕು, ಚಕ್ರಗಳನ್ನು ಬಿಚ್ಚಿದವನು ಇನ್ನೊಬ್ಬರ ಕಣ್ಣಿಗೆ ತೋರಿಸದೆ ಬೈಕನ್ನು ಹೊರಗೆ ತೆಗೆಯಕೂಡದು.

2020ರ ಏಪ್ರಿಲಿನಿಂದ ವಾಹನಗಳ ಹೊಗೆಯನ್ನು ಮಿತಿಗೊಳಿಸುವ ಬಿಎಸ್ 6 ನಿಯಮ ಜಾರಿಗೆ ಬಂದಮೇಲೆ ಹೊಸ ಬೈಕುಗಳಲ್ಲಿ ಬಹುಪಾಲಿನವು ಕಾರ್ಬುರೇಟರನ್ನು ತೊರೆದು ಇಂಧನವನ್ನು ವಿದ್ಯುನ್ಮಾನದಿಂದ ಅಳೆದು ಚಿಮ್ಮಿಸುವ ಏರ್ಪಾಡಿಗೆ ಸರಿದಿವೆ. ಅದರ ದೋಷವನ್ನು ಹುಡುಕಲು ಅನೇಕ ವೇಳೆ ಸ್ಕ್ಯಾನರು ಬೇಕು. ಅದರ ಬೆಲೆಯನ್ನು ಒಬ್ಬೊಬ್ಬರೇ ತೆರುವುದು ಕಷ್ಟ. ಕಳೆದ ತಿಂಗಳು ಹಲಗೆಯ ಸುತ್ತ ಕುಳಿತು ಮನೆಗಿಷ್ಟೆಂದು ಲೆಕ್ಕ ಹಾಕಿದ್ದೇವೆ. ಕಾಫಿಯ ಹಣ ಬಂದೊಡನೆ ತರುವುದೆಂದು ತೀರ್ಮಾನವಾಗಿದೆ. ಅದನ್ನು ಇಡಲು, ಮಳೆಯ ಇರಿಚಲು ತಾಗದ ಒಳಗೋಡೆಯಲ್ಲಿ, ಒಂದು ಗೂಡನ್ನು ಆಗಲೇ ತೆರವು ಮಾಡಿ ಸುಣ್ಣ ಬಳಿದಾಗಿದೆ.