ನ್ಯೂ ಆರ್ಲಿಯನ್ಸ್ ನಗರದ ನಿರಾಯುಧ ಪ್ರತಿಭಟನೆ

ಸೋತ ನಗರದಲ್ಲಿ ಆಯುಧವಿಲ್ಲದವರ ಪ್ರತಿಭಟನೆ ಎಂತಹ ರೂಪವನ್ನು ತಳೆಯುತ್ತದೆಂಬುದಕ್ಕೆ ಅಮೆರಿಕದ ಅಂತರ್ಯುದ್ಧದಲ್ಲಿ ಒಂದು ನಿದರ್ಶನವುಂಟು. ಒಕ್ಕೂಟದಿಂದ ಸಿಡಿದುಹೋದ ದಕ್ಷಿಣ ರಾಜ್ಯಗಳ ಅತ್ಯಂತ ದೊಡ್ಡ ನಗರವಾದ ನ್ಯೂ ಆರ್ಲಿಯನ್ಸನ್ನು ೧೮೬೨ರ ಮೇ ೧ರಂದು ಉತ್ತರದ ಸೇನಾಪತಿ ಬೆಂಜಮಿನ್ ಬಟ್ಲರನು ವಶಪಡಿಸಿಕೊಂಡನು. ಗಂಡಸರಲ್ಲಿ ಅನೇಕರು ರಣರಂಗದಲ್ಲಿದ್ದರು. ಪ್ರತಿಭಟನೆಯ ಭಾರ ಸ್ತ್ರೀಯರ ಮೇಲೆ ಬಿದ್ದಿತು. ಸೈನಿಕನು ಎದುರಾದರೆ ಉಡುಪನ್ನು ಒತ್ತಟ್ಟಿಗೆ ಸೆಳೆದುಕೊಂಡು ಬೆನ್ನು ತಿರುಗಿಸುವರು. ಅವನು ಇಗರ್ಜಿಯನ್ನು ಹೊಕ್ಕರೆ ತಾವು ಎದ್ದು ಹೊರಡುವರು. ಕೆಲವರು ಉಗುಳಿದುದೂ ಉಂಟು.

ಮೇ ೧೫ರಂದು ಬಟ್ಲರನು ೨೮ನೆಯ ಆಜ್ಞೆಯನ್ನು ಹೊರಡಿಸಿದನು. ಮಾತಿನಿಂದಾಗಲಿ ಸನ್ನೆಯಿಂದಾಗಲಿ ಸೈನಿಕರನ್ನು ಅವಮಾನಿಸುವ ಹೆಂಗಸನ್ನು ಬೀದಿಯ ವೇಶ್ಯೆಯೆಂದೇ ಭಾವಿಸಲಾಗುವುದೆಂಬುದು ಅದರ ತಾತ್ಪರ್ಯ. ಸೆರೆಮನೆಗಿಂತ ಕ್ರೂರವಾದ ಶಾಸನವಿದು, ಮಾನವನ್ನೇ ಒತ್ತೆಯಿಟ್ಟುಕೊಂಡಿತು. ಆಕ್ಷೇಪಿಸಿದ ನಗರಾಧ್ಯಕ್ಷ ಮನ್ರೋ ಕೋಟೆಯ ಸೆರೆ ಸೇರಿದನು. ಇಂಗ್ಲೆಂಡಿನ ಪ್ರಧಾನಿ ಪಾಮರ್‌ಸ್ಟನ್ನನು ಸಂಸತ್ತಿನಲ್ಲಿಯೇ ಇದನ್ನು ಖಂಡಿಸಿದನು. ಆದರೂ ಆಜ್ಞೆ ಫಲಿಸಿತು. ಬೀದಿಯ ಅವಮಾನಗಳು ಬಹುಮಟ್ಟಿಗೆ ನಿಂತವು.

ಈ ಧೈರ್ಯವನ್ನು ಹೊಗಳುವ ಮುನ್ನ ವಾಚಕರು ಇನ್ನೊಂದು ಸಂಗತಿಯನ್ನು ಲಕ್ಷಿಸಬೇಕು. ಆ ನಗರದ ಸಿರಿವಂತರ ಮನೆಗಳಲ್ಲಿ ಊಳಿಗ ಮಾಡುತ್ತಿದ್ದವರು ಹಣ ತೆತ್ತು ಕೊಂಡ ಗುಲಾಮರು. ಒಡತಿಗೆ ಅಪಮಾನವೆನಿಸಿದ ನೀಲಿ ಸಮವಸ್ತ್ರವೇ ದಾಸಿಗೆ ಬಿಡುಗಡೆಯ ಸುಳಿವಾಗಿ ಕಂಡಿತು. ತೋಟಗಳಿಂದ ಓಡಿಬಂದು ಸೇನೆಯ ಬಿಡಾರಗಳಲ್ಲಿ ಆಶ್ರಯ ಬೇಡಿದವರು ಅನೇಕರು. ಬಟ್ಲರನೇನೂ ಕರುಣಾಳುವಲ್ಲ, ಅಂಥವರಲ್ಲಿ ಕೆಲವರನ್ನು ಒಡೆಯರು ಹಿಂದಕ್ಕೊಯ್ಯಲು ಮೊದಮೊದಲು ಅವನೇ ಬಿಟ್ಟಿದ್ದನು. ಆದರೆ ಸೈನಿಕರ ಕೊರತೆ ಮನಸ್ಸನ್ನು ಬದಲಿಸಿತು. ಸೆಪ್ಟೆಂಬರ್ ೨೭ರಂದು ಕಪ್ಪು ಜನರ ದಳವೊಂದು ಸೇನೆಗೆ ಸೇರಿತು. ಸ್ವತಂತ್ರರೊಡನೆ ತಪ್ಪಿಸಿಕೊಂಡು ಬಂದ ಗುಲಾಮರೂ ಅದರಲ್ಲಿದ್ದರು. ಲೂಯಿಸಿಯಾನಾದ ೧೮೬೪ರ ಸಂವಿಧಾನ ಗುಲಾಮಗಿರಿಯನ್ನು ರದ್ದುಪಡಿಸಿದಾಗಲೂ ನಗರವು ಅದೇ ಸೇನೆಯ ವಶದಲ್ಲಿತ್ತು.